ಈಸಿನಾ, ನಾರ್ಮಲ್ಲಾ, ಹಾರ್ಡಾ? ಗೇಮ್‌ನ ಕಷ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಆಡುವವರು ಇಬ್ಬರು ಸೇರಿದರೆ ಸಾಕು, ಮಾತು ಸುತ್ತಿ ಬಳಸಿ ಕಷ್ಟದ ಹತ್ತಿರವೇ ಬಂದು ನಿಲ್ಲುತ್ತದೆ. ಯಾವ ಮೋಡ್‌ನಲ್ಲಿ ಆಡಿದೆ, ಆ ಬಾಸ್‌ನ ಹೇಗೆ ಹೊಡೆದೆ, ಎಷ್ಟು ಸಲ ಸತ್ತೆ. ಮೋಡ್ ಎಂದರೆ ಈಸಿ, ನಾರ್ಮಲ್, ಹಾರ್ಡ್ ಎಂಬ ಕಷ್ಟದ ಮಟ್ಟ, ಬಾಸ್ ಎಂದರೆ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು. ಇಷ್ಟು ವರ್ಷಗಳಲ್ಲಿ ಮಾತಿನ ನಡುವೆ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನವು ಹೊಸಬರಿಗೆ. ಕೊನೆಯವು ಗೇಮ್‌ನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಇರುವವರಿಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಹೊಸದಾಗಿ ಆಡುವವರಿಗೆ

ಈಸಿ, ಹಾರ್ಡ್ ಅಂತ ಬದಲಿಸಿದ್ರೆ ಒಳಗೆ ನಿಜವಾಗ್ಲೂ ಏನು ಬದಲಾಗತ್ತೆ?

ಬಹಳಷ್ಟು ಗೇಮ್‌ಗಳಲ್ಲಿ ಬದಲಾಗುವುದು ಬರೀ ಅಂಕಿ. ಶತ್ರುವಿನ ಏಟಿಗೆ ನಿಮ್ಮ ಹೆಲ್ತ್ ಎಷ್ಟು ಇಳಿಯಬೇಕು, ನಿಮ್ಮ ಏಟಿಗೆ ಅವನದು ಎಷ್ಟು ಇಳಿಯಬೇಕು ಎಂಬ ಲೆಕ್ಕ ಅಷ್ಟೇ. ಈಸಿಯಲ್ಲಿ ಮೂರು ಏಟಿಗೆ ಬೀಳುವವನು ಹಾರ್ಡ್‌ನಲ್ಲಿ ಆರು ಏಟು ತಿಂದು ಬೀಳುತ್ತಾನೆ. ಹೀಗೆ ಮಾಡುವುದು ಸುಲಭ, ಅದಕ್ಕೇ ಎಲ್ಲ ಕಡೆ ಕಾಣುತ್ತದೆ. ಎಷ್ಟು ಗುಂಡು ಹಾಕಿದರೂ ನುಂಗಿಕೊಂಡು ನಿಲ್ಲುವ ಇಂಥ ಶತ್ರುಗಳನ್ನು ಆಡುವವರು ಬುಲೆಟ್ ಸ್ಪಾಂಜ್ ಎಂದು ಬೈಯುತ್ತಾರೆ.

ಚೆನ್ನಾಗಿ ಯೋಚಿಸಿ ಮಾಡಿದ ಗೇಮ್‌ಗಳಲ್ಲಿ ಆಟವೇ ಬದಲಾಗುತ್ತದೆ. 1993ರ ಡೂಮ್ ನೋಡಿ. ಮೋಡ್ ಏರಿಸಿದರೆ ಅದೇ ಕೋಣೆಯಲ್ಲಿ ಜಾಸ್ತಿ ರಾಕ್ಷಸರು ಇರುತ್ತಾರೆ. ಖಾಲಿ ಎಂದು ನೆನಪಿಟ್ಟುಕೊಂಡಿದ್ದ ಮೂಲೆಯಲ್ಲಿ ಒಬ್ಬ ನಿಂತಿರುತ್ತಾನೆ. ಆಮೇಲೆ ಸೇರಿಸಿದ ನೈಟ್‌ಮೇರ್ ಮೋಡ್‌ನಲ್ಲಂತೂ ರಾಕ್ಷಸರ ವೇಗ ಜಾಸ್ತಿ, ಸತ್ತವರು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾರೆ. ಎಲ್ಲರನ್ನೂ ಮುಗಿಸಿ ನಿಧಾನವಾಗಿ ಮುಂದೆ ಹೋಗೋಣ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಓಡಬೇಕು, ದಾರಿ ಬಾಯಿಪಾಠ ಆಗಿರಬೇಕು. ಮೋಡ್ ಏರಿಸಿದ ಮೇಲೆ ನೀವು ಬೇರೆ ತರ ಯೋಚಿಸಬೇಕಾಗಿ ಬಂದರೆ ಆ ಹಾರ್ಡ್‌ಗೆ ಅರ್ಥ ಇದೆ. ಅದೇ ಕೆಲಸವನ್ನು ಎರಡು ಪಟ್ಟು ಹೊತ್ತು ಮಾಡಿಸಿದರೆ ಅದು ಬರೀ ಉದ್ದ.

ಹೊಸ ಗೇಮ್ ಶುರು ಮಾಡ್ತಿದ್ದೀನಿ. ಯಾವ ಮೋಡ್ ಇಟ್ಕೊಳ್ಳಲಿ?

ನಾರ್ಮಲ್‌ನಿಂದ ಶುರು ಮಾಡಿ. ತಯಾರಕರು ಜಾಸ್ತಿ ಜನರಿಂದ ಆಡಿಸಿ ತಿದ್ದಿರುವುದು ಸಾಮಾನ್ಯವಾಗಿ ಅದನ್ನೇ. ಆದರೂ ಪ್ರತಿ ಮೋಡ್ ಕೆಳಗಿರುವ ಒಂದೆರಡು ಸಾಲಿನ ವಿವರಣೆ ಓದಿಯೇ ಆರಿಸಿ. ಹೇಲೋ 3 ಗೇಮ್ ತನ್ನನ್ನು ಆಡಬೇಕಾದ್ದು ಹೀರೋಯಿಕ್‌ನಲ್ಲಿ ಎಂದು ತಾನೇ ಹೇಳುತ್ತದೆ. ಅದು ನಾರ್ಮಲ್‌ಗಿಂತ ಒಂದು ಮೆಟ್ಟಿಲು ಮೇಲಿನದು.

ಆಮೇಲೆ ಮೊದಲ ಎರಡು ಗಂಟೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಸತ್ತಾಗ ಯಾಕೆ ಸತ್ತೆ ಅಂತ ನನಗೆ ಗೊತ್ತಾಗ್ತಿದೆಯಾ? ಗೊತ್ತಾಗುತ್ತಿದ್ದರೆ ಮೋಡ್ ಸರಿಯಾಗಿದೆ, ಎಷ್ಟು ಸಲ ಸತ್ತರೂ ಪರವಾಗಿಲ್ಲ. ಏನಾಯಿತು ಎಂದು ತಿಳಿಯುವ ಮೊದಲೇ ಸ್ಕ್ರೀನ್ ಕಪ್ಪಾಗುತ್ತಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ಸಾಯುವುದೇ ಇಲ್ಲ, ಕೈ ತನ್ನ ಪಾಡಿಗೆ ಆಡುತ್ತಿದೆ, ಮನಸ್ಸು ಇನ್ನೆಲ್ಲೋ ಇದೆ ಎನಿಸಿದರೆ ಒಂದು ಮೆಟ್ಟಿಲು ಹತ್ತಿ. ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇವತ್ತಿನವರೆಗೂ ಸಿಕ್ಕಿಲ್ಲ.

ಈಸಿಯಲ್ಲಿ ಮುಗಿಸಿದ್ರೆ ಅದು ಆಡಿದ ಹಾಗೇನಾ?

ಹೌದು, ಆಡಿದ ಹಾಗೇ. ಕಥೆ ನೋಡಿದಿರಿ, ಊರು ಸುತ್ತಿದಿರಿ, ಕೊನೆ ಮುಟ್ಟಿದಿರಿ.

ಈ ಕೀಳರಿಮೆ ನಿಮ್ಮೊಳಗೆ ತಾನಾಗಿ ಹುಟ್ಟಿದ್ದಲ್ಲ, ಗೇಮ್‌ಗಳೇ ಬಹಳ ಕಾಲ ಅದನ್ನು ಸಾಕಿದವು. 1992ರ ವುಲ್ಫೆನ್‌ಸ್ಟೈನ್ 3ಡಿ ಗೇಮ್‌ನಲ್ಲಿ ಎಲ್ಲಕ್ಕಿಂತ ಸುಲಭದ ಮೋಡ್ ಆರಿಸಲು ಹೋದರೆ ನಾಯಕನ ತಲೆಗೆ ಎಳೆಮಗುವಿನ ಟೋಪಿ ಹಾಕಿ ತೋರಿಸುತ್ತಿತ್ತು. 2015ರಲ್ಲಿ ಬಂದ ಮೆಟಲ್ ಗೇರ್ ಸಾಲಿಡ್ 5 ಕೂಡ ಮತ್ತೆ ಮತ್ತೆ ಸತ್ತವರಿಗೆ ಕೋಳಿಯ ಟೋಪಿ ಕೊಟ್ಟಿತು. ಹಾಕಿಕೊಂಡರೆ ಶತ್ರುಗಳು ನೋಡಿಯೂ ಸ್ವಲ್ಪ ಬಿಡುತ್ತಿದ್ದರು, ಆದರೆ ನಾಚಿಕೆ ಉಚಿತ. ಕಪ್‌ಹೆಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಾಸ್‌ಗಳನ್ನು ಸಿಂಪಲ್ ಮೋಡ್‌ನಲ್ಲಿ ಸೋಲಿಸಿದರೆ ಕೊನೆಯ ಬಾಸ್ ಹತ್ತಿರ ಹೋಗಲು ಬಿಡುವುದಿಲ್ಲ. ಅಷ್ಟು ಚೆಂದದ ಚಿತ್ರಗಳನ್ನು ಕೈಯಲ್ಲಿ ಬರೆದು ಮಾಡಿದ ಗೇಮ್, ಅದರ ಕೊನೆಯನ್ನು ಇಷ್ಟೊಂದು ಜನರಿಂದ ಮುಚ್ಚಿಟ್ಟದ್ದು ನನಗೆ ಇವತ್ತಿಗೂ ಬೇಸರ.

ಮಧ್ಯದಲ್ಲಿ ಮೋಡ್ ಇಳಿಸಿದ್ರೆ ಟ್ರೋಫಿ ಹೋಗತ್ತಾ?

ಅದು ಗೇಮ್‌ನಿಂದ ಗೇಮ್‌ಗೆ ಬೇರೆ. ಕೆಲವದರಲ್ಲಿ ಒಂದೇ ಸಲ ಇಳಿಸಿದರೂ ಹಾರ್ಡ್‌ನಲ್ಲಿ ಮುಗಿಸಿದವರಿಗೆ ಗೇಮ್ ಪದಕದ ಹಾಗೆ ಕೊಡುವ ಟ್ರೋಫಿ ಕೈತಪ್ಪುತ್ತದೆ, ಮತ್ತೆ ಏರಿಸಿದರೂ ಬರುವುದಿಲ್ಲ. ಬದಲಿಸುವ ಮೊದಲು ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿಕೊಳ್ಳಿ. ಟ್ರೋಫಿ ಬೇಡದವರಿಗೆ ಈ ಚಿಂತೆಯೇ ಇಲ್ಲ.

ಹಳೇ ಗೇಮ್‌ಗಳು ಯಾಕೆ ಅಷ್ಟೊಂದು ಕಷ್ಟ?

ಎರಡು ಕಾರಣ, ಎರಡೂ ದುಡ್ಡಿಗೆ ಸಂಬಂಧಪಟ್ಟವು. ಆರ್ಕೇಡ್ ಯಂತ್ರಕ್ಕೆ ಒಂದು ನಾಣ್ಯ ಹಾಕಿದರೆ ಒಂದು ಆಟ. ಆಡುವವನು ಬೇಗ ಸತ್ತರೆ ಮುಂದಿನ ನಾಣ್ಯ ಬೇಗ ಬೀಳುತ್ತದೆ. ಕಷ್ಟ ಎಷ್ಟಿರಬೇಕು ಎಂದು ಯಂತ್ರದ ಮಾಲೀಕನೇ ಒಳಗಿನ ಸಣ್ಣ ಸ್ವಿಚ್‌ಗಳಿಂದ ಹೊಂದಿಸಬಹುದಿತ್ತು. ಮನೆಗೆ ಬಂದ ಗೇಮ್‌ಗಳ ಕಥೆ ಬೇರೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಬರೀ 40 ಕಿಲೋಬೈಟ್. ಇವತ್ತು ಒಂದು ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು. ಅಷ್ಟು ಚಿಕ್ಕ ಜಾಗದಲ್ಲಿ ಮಾಡಿದ ಆಟ ಸುಲಭವಾಗಿದ್ದರೆ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗುತ್ತಿತ್ತು, ಕೊಂಡವರಿಗೆ ಮೋಸ ಹೋದ ಹಾಗೆ ಅನಿಸುತ್ತಿತ್ತು.

ಆ ಕಾಲದ ಒಂದು ಘಟನೆ ನನಗೆ ಬಹಳ ಇಷ್ಟ. 1978ರ ಸ್ಪೇಸ್ ಇನ್ವೇಡರ್ಸ್ ಮಾಡಿದ ತೊಮೊಹಿರೊ ನಿಶಿಕಾಡೊ ಅವರ ಯಂತ್ರಕ್ಕೆ 55 ಶತ್ರುಗಳನ್ನು ಒಟ್ಟಿಗೆ ಓಡಿಸುವ ಶಕ್ತಿ ಇರಲಿಲ್ಲ, ಆಟ ನಿಧಾನವಾಗುತ್ತಿತ್ತು. ಶತ್ರುಗಳು ಸಾಯುತ್ತಾ ಬಂದ ಹಾಗೆ ಯಂತ್ರದ ಹೊರೆ ಇಳಿದು ಉಳಿದವರ ವೇಗ ಏರುತ್ತಿತ್ತು. ಅವರು ಅದನ್ನು ತಿದ್ದದೆ ಹಾಗೇ ಬಿಟ್ಟರು. ಗೆಲುವು ಹತ್ತಿರ ಬಂದ ಹಾಗೆ ಎದೆ ಬಡಿತ ಜೋರಾಗುವ ಆ ಅನುಭವ ಹುಟ್ಟಿದ್ದು ಯಂತ್ರದ ಬಡತನದಿಂದ.

ತಯಾರಕರಿಗೇ ತಮ್ಮ ಗೇಮ್ ಕಷ್ಟವಾದದ್ದೂ ಉಂಟು. 1986ರಲ್ಲಿ ಗ್ರೇಡಿಯಸ್ ಗೇಮ್ ಅನ್ನು ಮನೆಯ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರ) ತರುತ್ತಿದ್ದ ಕಝುಹಿಸಾ ಹಶಿಮೊಟೊ ಅವರಿಗೆ ಅದನ್ನು ಕೊನೆಯವರೆಗೆ ಆಡಿ ಪರೀಕ್ಷೆ ಮಾಡಲು ಆಗಲಿಲ್ಲ. ಒತ್ತಿದರೆ ಆಟ ಸುಲಭವಾಗುವ ಒಂದು ಗುಟ್ಟಿನ ಬಟನ್ ಸಾಲನ್ನು ತಮಗಾಗಿ ಸೇರಿಸಿಕೊಂಡರು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಅದೇ ಮುಂದೆ ಆ ಗೇಮ್‌ನ ಕಂಪನಿಯ ಹೆಸರಿನಲ್ಲಿ ಕೊನಾಮಿ ಕೋಡ್ ಎಂದು ಹೆಸರಾಯಿತು.

## ಸಿಕ್ಕಿಹಾಕಿಕೊಂಡಾಗ

ಒಂದೇ ಬಾಸ್ ಹತ್ರ ಮೂವತ್ತು ಸಲ ಸತ್ತೆ. ಏನ್ ಮಾಡ್ಲಿ?

ಇವತ್ತಿಗೆ ನಿಲ್ಲಿಸಿ, ನಾಳೆ ಆಡಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕೈ ಕಲಿತ ಕೆಲಸ ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ರಾತ್ರಿ ಆಗದ ಕೆಲಸ ಬೆಳಗ್ಗೆ ಎರಡನೇ ಪ್ರಯತ್ನಕ್ಕೇ ಆಗಿಬಿಡುವುದು ಅದಕ್ಕೇ. ಮೂವತ್ತು ಸಲ ಸೋತ ಮೇಲೆ ಕಂಟ್ರೋಲರ್ ಹಿಡಿದು ಕೂತಿರುವುದು ನಿಮ್ಮ ಸಿಟ್ಟು.

ಮಾರನೇ ದಿನ ಮೊದಲ ನಾಲ್ಕೈದು ಸಲ ಹೊಡೆಯಲೇ ಬೇಡಿ. ಬರೀ ತಪ್ಪಿಸಿಕೊಳ್ಳುತ್ತಾ ನೋಡಿ. ನನಗೆ ಇದನ್ನು ಕಲಿಸಿದವನು ಸೆಕಿರೋ ಗೇಮ್‌ನ ಗೆನಿಚಿರೊ ಎಂಬ ಬಾಸ್. ಕೋಟೆಯ ತುತ್ತತುದಿಯಲ್ಲಿ ನಿಂತಿರುತ್ತಾನೆ. ಅವನು ಮೇಲೆ ಹಾರಿ ಕತ್ತಿ ಬೀಸಿ ಇಳಿಯುತ್ತಾನೆ, ಇಳಿದ ಕೂಡಲೇ ಸ್ಕ್ರೀನ್ ಮೇಲೆ ಒಂದು ಕೆಂಪು ಅಕ್ಷರ ಮಿನುಗುತ್ತದೆ. ಆ ಅಕ್ಷರ ಬಂದರೆ ಎರಡರಲ್ಲಿ ಒಂದು. ನೇರವಾಗಿ ತಿವಿಯುತ್ತಾನೆ, ಇಲ್ಲವೇ ಕಾಲಿಗೆ ಬೀಸುತ್ತಾನೆ. ತಿವಿದರೆ ಮುಂದೆ ನುಗ್ಗಿ ಕತ್ತಿಯನ್ನು ಕಾಲಲ್ಲಿ ತುಳಿಯಬೇಕು. ಬೀಸಿದರೆ ಹಾರಬೇಕು. ಎರಡನ್ನು ಅದಲು ಬದಲು ಮಾಡಿದರೆ ಏಟು ಗ್ಯಾರಂಟಿ. ನಾನು ಮೂರು ಸಂಜೆ ಆ ಕೆಂಪು ಅಕ್ಷರವನ್ನೇ ನೋಡುತ್ತಾ ಸತ್ತೆ. ಅದು ಎರಡಕ್ಕೂ ಒಂದೇ, ಅದರಲ್ಲಿ ಯಾವ ಸುಳಿವೂ ಇಲ್ಲ. ನಾಲ್ಕನೇ ಸಂಜೆ ಹೊಡೆಯುವುದು ಬಿಟ್ಟು ಅವನ ತೋಳು ನೋಡಿದೆ. ತಿವಿಯುವ ಮೊದಲು ಕತ್ತಿಯ ತುದಿ ನನ್ನ ಕಡೆ ಮುಖ ಮಾಡುತ್ತದೆ. ಬೀಸುವ ಮೊದಲು ಮೈ ತಗ್ಗುತ್ತದೆ. ಅಷ್ಟೇ. ಅದು ಕಂಡ ಮೇಲೆ ಅವನು ಮೊದಲಿಗಿಂತ ನಿಧಾನವಾಗಿದ್ದಾನೆ ಎನಿಸಿತು. ಅವನು ಒಂದು ಚೂರೂ ಬದಲಾಗಿರಲಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಟಿವಿಯಲ್ಲಿ ಆಡುತ್ತಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಇದೆಯಾ ನೋಡಿ. ಚಿತ್ರ ನುಣುಪಾಗಿ ಕಾಣಲಿ ಎಂದು ಟಿವಿ ಪ್ರತಿ ಫ್ರೇಮ್ (ಒಂದೊಂದು ಬಿಡಿ ಚಿತ್ರ) ಮೇಲೂ ಕೆಲಸ ಮಾಡುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ ನೀವು ಆರು ಫ್ರೇಮ್ ಹಳೆಯ ದೃಶ್ಯ ನೋಡಿ ಬಟನ್ ಒತ್ತುತ್ತಿದ್ದೀರಿ. ನಾನು ಒಂದು ಇಡೀ ಗೇಮ್ ಅನ್ನು ಹೀಗೆ ಆಡಿ ಮುಗಿಸಿದ ಮೇಲೆ ಇದು ಗೊತ್ತಾಯಿತು. ಆ ಗೇಮ್ ಎರಡನೇ ಸಲ ಬೇರೆಯೇ ಆಟದ ಹಾಗಿತ್ತು.

ವಿಡಿಯೋ ನೋಡಿ ಬಾಸ್ ಹೊಡೆಯೋದು, ಲೆವೆಲ್ ಏರಿಸ್ಕೊಂಡು ಬರೋದು ಮೋಸಾನಾ?

ಒಬ್ಬರೇ ಆಡುವ ಗೇಮ್‌ನಲ್ಲಿ ಮೋಸ ಮಾಡಲು ಎದುರಿಗೆ ಯಾರಿದ್ದಾರೆ ಹೇಳಿ? ಲೆವೆಲ್ ಏರಿಸಿಕೊಂಡು, ಅಂದರೆ ನಿಮ್ಮ ಪಾತ್ರದ ಬಲ ಹೆಚ್ಚಿಸಿಕೊಂಡು ಬರುವುದು ಆ ಗೇಮ್ ಕೊಟ್ಟ ದಾರಿಯೇ, ಧೈರ್ಯವಾಗಿ ಬಳಸಿ. ವಿಡಿಯೋ ವಿಷಯದಲ್ಲಿ ಮಾತ್ರ ಒಂದು ಸಲಹೆ. ಒಗಟಿನ ಗೇಮ್‌ನಲ್ಲಿ ಉತ್ತರ ನೋಡಿದರೆ ಆ ಒಗಟು ನಿಮ್ಮ ಪಾಲಿಗೆ ಮುಗಿಯಿತು, ಮತ್ತೆ ಸಿಗುವುದಿಲ್ಲ. ಕಾಳಗದ ಗೇಮ್‌ನಲ್ಲಿ ಹಾಗಲ್ಲ. ಏನು ಮಾಡಬೇಕು ಎಂದು ಗೊತ್ತಾದರೂ ಅದನ್ನು ಮಾಡಬೇಕಾದ್ದು ನಿಮ್ಮ ಬೆರಳೇ. ಹಾಗಾಗಿ ಬಾಸ್ ವಿಡಿಯೋ ನೋಡಲು ನಾನು ಹಿಂಜರಿಯುವುದಿಲ್ಲ, ಒಗಟಿಗೆ ಮಾತ್ರ ಮೂರು ದಿನ ಕಾಯುತ್ತೇನೆ.

ನನಗೆ ನಲವತ್ತೈದು. ಕೈ ಮೊದಲಿನ ಹಾಗೆ ಓಡಲ್ಲ. ಹಾರ್ಡ್ ಗೇಮ್ ಆಸೆ ಬಿಟ್ಟುಬಿಡಬೇಕಾ?

ಬಿಡಬೇಡಿ. ಬಹಳ ಗೇಮ್‌ಗಳಲ್ಲಿ ವೇಗಕ್ಕಿಂತ ಮುಂಚಿತವಾಗಿ ಗೊತ್ತಿರುವುದು ದೊಡ್ಡದು. ಏಟು ಎಲ್ಲಿಂದ ಬರುತ್ತದೆ ಎಂದು ತಿಳಿದವರಿಗೆ ಬೆರಳು ಸ್ವಲ್ಪ ನಿಧಾನವಾದರೂ ನಡೆಯುತ್ತದೆ. ಸರದಿಯಲ್ಲಿ ಆಡುವ ತಂತ್ರದ ಗೇಮ್‌ಗಳು ಕೂಡ ಬೆವರಿಳಿಸುವಷ್ಟು ಕಷ್ಟ ಇರುತ್ತವೆ, ಅಲ್ಲಿ ವೇಗದ ಮಾತೇ ಇಲ್ಲ.

ಆದರೆ ವಯಸ್ಸು, ಕೈನೋವು, ಕಣ್ಣಿನ ತೊಂದರೆ ಇವನ್ನೆಲ್ಲ ಬರೀ ಮೋಡ್ ಇಳಿಸಿ ಸರಿ ಮಾಡಲು ಆಗುವುದಿಲ್ಲ. ಅಕ್ಷರ ಕಾಣದವರಿಗೆ ದುರ್ಬಲ ಶತ್ರುವಿನಿಂದ ಏನು ಉಪಯೋಗ? ಅವರಿಗೆ ದೊಡ್ಡ ಅಕ್ಷರ ಬೇಕು. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಇದನ್ನು ಬಿಡಿಸಿ ನೋಡಿತು. ಅಂಗವಿಕಲರನ್ನು, ಕಣ್ಣು ಕಿವಿ ಮಂದವಾದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು 60ಕ್ಕೂ ಜಾಸ್ತಿ ಸೆಟ್ಟಿಂಗ್ ಕೊಟ್ಟಿತು. ಕಷ್ಟವನ್ನೂ ಒಂದೇ ಗುಂಡಿಯಾಗಿ ಇಡಲಿಲ್ಲ. ಶತ್ರುಗಳ ಚುರುಕು, ಜೊತೆಗಾರರ ನೆರವು, ಅಡಗಿಕೊಳ್ಳುವುದು, ಸಿಗುವ ಸಾಮಾನು, ನಿಮಗೆ ಬೀಳುವ ಏಟು, ಐದನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. 2018ರಿಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಕೂಡ ಸಿಗುತ್ತಿದೆ. ಎರಡು ದೊಡ್ಡ ಗುಂಡಿ, ಹಿಂದೆ ಬೇಕಾದ ಸ್ವಿಚ್, ಪೆಡಲ್ ಸಿಕ್ಕಿಸಲು ಸಾಲು ಸಾಲು ಜಾಗ.

ಬೆಟ್ಟ ಹತ್ತುವ ಗೇಮ್ ಸೆಲೆಸ್ಟ್‌ನ ಅಸಿಸ್ಟ್ ಮೋಡ್, ಅಂದರೆ ನೆರವಿನ ಮೋಡ್, ನೋಡಲೇಬೇಕು. ಆಟದ ವೇಗವನ್ನು ಹತ್ತು ಹತ್ತು ಪರ್ಸೆಂಟ್‌ನಂತೆ 50ರವರೆಗೆ ಇಳಿಸಬಹುದು. ಬೆಟ್ಟದ ಕಷ್ಟ ಹಾಗೇ ಇರುತ್ತದೆ, ನಿಮ್ಮ ಕೈಗೆ ಹೊತ್ತು ಸಿಗುತ್ತದೆ. ನಲವತ್ತೈದರವರಿಗೆ ನಾನು ಮೊದಲು ಹೇಳುವ ಗೇಮ್ ಇದೇ.

ಒಳ್ಳೇ ಕಷ್ಟ, ಕೆಟ್ಟ ಕಷ್ಟ ಅಂತೀರಲ್ಲ, ಹೇಗೆ ಗೊತ್ತಾಗತ್ತೆ?

ಮೊದಲು ಹೇಳಿದ ಅಳತೆಗೋಲನ್ನೇ ಗೇಮ್ ಕಡೆಗೆ ತಿರುಗಿಸಿ ನೋಡಿ. ಆಡುವವರಿಗೆ ಸೋಲಿನ ಕಾರಣ ಕಾಣುವ ಹಾಗೆ ಗೇಮ್ ನೋಡಿಕೊಂಡಿದೆಯಾ?

ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹತ್ತು ಸೆಕೆಂಡ್ ಇದಕ್ಕೆ ಪಾಠ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಖಾಲಿ ಜಾಗ, ಆದ್ದರಿಂದ ಬಲಕ್ಕೆ ಹೋಗುತ್ತೀರಿ. ಎದುರಿನಿಂದ ಅಣಬೆಯಂತಹ ಗೂಂಬಾ ಒಂದು ನಡೆದು ಬರುತ್ತದೆ. ಏನೂ ಮಾಡದಿದ್ದರೆ ತಾಗಿ ಸಾಯುತ್ತೀರಿ. ಹೋದದ್ದು ಬರೀ ಹತ್ತು ಸೆಕೆಂಡ್. ಮುಂದಿನ ಸಲ ಹಾರುತ್ತೀರಿ. ಹಾರಿದಾಗ ಅದರ ತಲೆ ಮೇಲೆ ಬಿದ್ದರೆ ಅದೇ ಸಾಯುತ್ತದೆ. ಒಂದು ಅಕ್ಷರ ಬರೆಯದೆ ಎರಡು ವಿಷಯ ಕಲಿಸಿ ಆಯಿತು.

ಎರಡನೆಯದು ಸೋಲಿನ ಬೆಲೆ. ಸೂಪರ್ ಮೀಟ್ ಬಾಯ್ ಬಹಳ ಕಷ್ಟದ ಗೇಮ್, ಆದರೆ ಸತ್ತ ಕ್ಷಣವೇ ಮತ್ತೆ ಶುರು. ಬೇಸರ ಆಗಲು ಪುರುಸೊತ್ತೇ ಸಿಗುವುದಿಲ್ಲ. ಅದೇ ಕಷ್ಟದ ಬಾಸ್ ಮುಂದೆ ಸತ್ತು, ಅರ್ಧ ನಿಮಿಷ ಲೋಡಿಂಗ್ ನೋಡಿ, ಎರಡು ನಿಮಿಷ ನಡೆದು ಬರಬೇಕು ಎಂದರೆ ಕಲಿತದ್ದು ದಾರಿಯಲ್ಲೇ ಆರಿಹೋಗುತ್ತದೆ.

ಮೂರನೆಯದು ಸಣ್ಣ ಔದಾರ್ಯ. ಸೆಲೆಸ್ಟ್‌ನಲ್ಲಿ ಅಂಚು ದಾಟಿ ಒಂದೆರಡು ಹೆಜ್ಜೆ ಗಾಳಿಯಲ್ಲಿ ಇಟ್ಟ ಮೇಲೂ ಹಾರುವ ಬಟನ್ ಕೆಲಸ ಮಾಡುತ್ತದೆ. ನಾನು ಸರಿಯಾಗೇ ಒತ್ತಿದೆ ಎಂದು ನಿಮಗೆ ಅನಿಸಿದ್ದನ್ನು ಗೇಮ್ ನಂಬುತ್ತದೆ. ಕಷ್ಟದ ಗೇಮ್‌ಗೆ ಇಂಥ ಔದಾರ್ಯ ಸುಲಭದ ಗೇಮ್‌ಗಿಂತ ಜಾಸ್ತಿ ಬೇಕು.

## ಇನ್ನೂ ಒಳಕ್ಕೆ

ನಾನು ಸೋತಾಗ ಗೇಮ್ ಗುಟ್ಟಾಗಿ ಸುಲಭ ಆಗತ್ತಂತೆ. ಹೌದಾ?

ಕೆಲವು ಆಗುತ್ತವೆ. 2005ರ ರೆಸಿಡೆಂಟ್ ಈವಿಲ್ 4 ನಿಮ್ಮ ಆಟವನ್ನು ಸದ್ದಿಲ್ಲದೆ ಗಮನಿಸುತ್ತದೆ. ಮತ್ತೆ ಮತ್ತೆ ಸತ್ತರೆ ಶತ್ರುಗಳ ಆರ್ಭಟ ಇಳಿಯುತ್ತದೆ, ಕೆಲವು ಕಡೆ ಸಂಖ್ಯೆಯೇ ಕಮ್ಮಿಯಾಗುತ್ತದೆ. ಚೆನ್ನಾಗಿ ಆಡಿದರೆ ಏರುತ್ತದೆ. ಅದಕ್ಕೂ ಮೊದಲೇ ಕ್ರ್ಯಾಶ್ ಬ್ಯಾಂಡಿಕೂಟ್ ಹಲವು ಸಲ ಸತ್ತವರಿಗೆ ಕಾಪಾಡುವ ಮುಖವಾಡವನ್ನು ಸುಮ್ನೆ ಕೈಗಿಡುತ್ತಿತ್ತು. ಲೆಫ್ಟ್ 4 ಡೆಡ್‌ನಲ್ಲಿ ಡೈರೆಕ್ಟರ್ ಎಂಬ ವ್ಯವಸ್ಥೆಯೇ ಇದೆ. ತಂಡ ಸುಸ್ತಾಗಿದೆ ಎಂದು ಕಂಡರೆ ಸ್ವಲ್ಪ ಉಸಿರಾಡಲು ಬಿಟ್ಟು ಆಮೇಲೆ ಶತ್ರುಗಳ ಗುಂಪು ಕಳಿಸುತ್ತದೆ. ಬಯೋಶಾಕ್ ಮಾಡಿದವರಲ್ಲಿ ಒಬ್ಬರು ಹೇಳಿದ ಪ್ರಕಾರ ಅದರ ಶತ್ರುಗಳ ಮೊದಲ ಗುಂಡು ಬೇಕಂತಲೇ ಗುರಿ ತಪ್ಪುತ್ತಿತ್ತು, ನಿಮಗೆ ತಿರುಗಿ ನೋಡಲು ಹೊತ್ತು ಸಿಗಲಿ ಎಂದು.

ಗೊತ್ತಾದರೆ ಗೆಲುವಿನ ರುಚಿ ಕೆಡುತ್ತದೆಯಾ? ನನಗೆ ಕೆಟ್ಟಿದೆ. ಹತ್ತು ಸಲ ಸತ್ತು ಗೆದ್ದಾಗ ನಾನು ಮೇಲೆ ಹತ್ತಿದೆನಾ, ಗೇಮ್ ಕೆಳಗೆ ಇಳಿಯಿತಾ ಎಂಬ ಅನುಮಾನ ಉಳಿಯುತ್ತದೆ. ಅದಕ್ಕೇ ಗಾಡ್ ಹ್ಯಾಂಡ್ ಮಾಡಿದ ರೀತಿ ನನಗೆ ಮೆಚ್ಚುಗೆ. ಅದರಲ್ಲೂ ಕಷ್ಟ ಏರಿಳಿಯುತ್ತದೆ, ಆದರೆ ಈಗ ಎಷ್ಟಿದೆ ಎಂದು ಸ್ಕ್ರೀನ್ ಮೇಲೆ ಒಂದು ಮೀಟರ್ ಕಣ್ಣೆದುರೇ ತೋರಿಸುತ್ತದೆ. ಹೇಡೀಸ್‌ನ ಗಾಡ್ ಮೋಡ್ ಕೂಡ ಹೀಗೇ ಪ್ರಾಮಾಣಿಕ. ಆನ್ ಮಾಡಿದ ಕೂಡಲೇ ಬೀಳುವ ಏಟು 20 ಪರ್ಸೆಂಟ್ ಕಮ್ಮಿ. ಪ್ರತಿ ಸಾವಿಗೆ ಇನ್ನೂ 2 ಪರ್ಸೆಂಟ್ ಇಳಿಯುತ್ತದೆ, ಹೆಚ್ಚೆಂದರೆ 80ರವರೆಗೆ. ಎಷ್ಟು ನೆರವು ಸಿಗುತ್ತಿದೆ ಎಂದು ನಿಮಗೆ ಗೊತ್ತು.

90 ಪರ್ಸೆಂಟ್ ಅಂತ ತೋರಿಸಿ ಮಿಸ್ ಆಗತ್ತೆ. ಗೇಮ್ ಸುಳ್ಳು ಹೇಳತ್ತಾ?

ತಂತ್ರದ ಗೇಮ್‌ಗಳು ಹೊಡೆಯುವ ಮೊದಲು ಏಟು ತಗಲುವ ಸಾಧ್ಯತೆ ಎಷ್ಟು ಎಂದು ತೋರಿಸುತ್ತವಲ್ಲ, ಅದರ ಮಾತು ಇದು. ಸುಳ್ಳು ಹೇಳುವುದು ಉಂಟು, ಆದರೆ ಬಹುತೇಕ ನಿಮ್ಮ ಪರವಾಗಿ! 90 ಎಂದರೆ ಹತ್ತರಲ್ಲಿ ಒಂದು ತಪ್ಪುತ್ತದೆ. ಏಳು ಸಲ ಹೊಡೆದರೆ ಏಳೂ ತಗಲುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿಯೇ. ನಮ್ಮ ಮನಸ್ಸು ಮಾತ್ರ 90 ಅನ್ನು ನೂರು ಎಂದೇ ಓದುತ್ತದೆ.

ಇದು ತಯಾರಕರಿಗೆ ಚೆನ್ನಾಗಿ ಗೊತ್ತು. 2002ರಿಂದ ಬಂದ ಹಲವು ಫೈರ್ ಎಂಬ್ಲೆಮ್ ಗೇಮ್‌ಗಳು ಏಟು ತಗಲಿತಾ ಎಂದು ತೀರ್ಮಾನಿಸಲು ಲಾಟರಿಯ ಹಾಗೆ ಒಂದು ಸಂಖ್ಯೆ ಎತ್ತುವ ಬದಲು ಎರಡು ಎತ್ತಿ ಅವುಗಳ ಸರಾಸರಿ ನೋಡುತ್ತವೆ. ಹಾಗೆ ಮಾಡಿದಾಗ 90 ಎಂದು ತೋರಿಸಿದ ಏಟು ನಿಜಕ್ಕೂ 98 ಪರ್ಸೆಂಟ್ ತಗಲುತ್ತದೆ, 10 ಎಂದು ತೋರಿಸಿದ್ದು ಬರೀ 2 ಪರ್ಸೆಂಟ್. 2012ರ ಎಕ್ಸ್‌ಕಾಮ್‌ನಲ್ಲೂ ಕೆಳಗಿನ ಮೋಡ್‌ಗಳಲ್ಲಿ ಗುರಿ ತಪ್ಪಿದವರಿಗೆ ಮುಂದಿನ ಗುಂಡಿಗೆ ಗುಟ್ಟಾಗಿ ನೆರವು ಸಿಗುತ್ತದೆ. ಮೇಲಿನ ಮೋಡ್‌ಗೆ ಹೋದಾಗ ನನ್ನ ಅದೃಷ್ಟವೇ ಕೆಟ್ಟಿದೆ ಎಂದು ಅನಿಸುವುದು ಅಲ್ಲಿ ಆ ನೆರವು ನಿಂತಿರುವುದರಿಂದ.

ಫ್ಲೋ ಫ್ಲೋ ಅಂತಾರಲ್ಲ, ಏನದು?

ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಬೆಟ್ಟ ಹತ್ತುವವರು, ಚೆಸ್ ಆಡುವವರು, ನೃತ್ಯ ಮಾಡುವವರನ್ನು ಮಾತಾಡಿಸಿ ಕಂಡುಕೊಂಡದ್ದು. ಕೆಲಸದ ಕಷ್ಟವೂ ಕೈಯ ಪಳಗುವಿಕೆಯೂ ಸರಿಸಮ ಇದ್ದಾಗ ಮನುಷ್ಯ ಹೊತ್ತು ಮರೆಯುತ್ತಾನೆ. ಕಷ್ಟ ಜಾಸ್ತಿಯಾದರೆ ಆತಂಕ, ಕಮ್ಮಿಯಾದರೆ ಬೇಸರ. ನಡುವಿನ ಆ ದಾರಿಯೇ ಫ್ಲೋ.

ಇದನ್ನು ಓದಿದ ಹೊಸ ತಯಾರಕರು ಕಷ್ಟವನ್ನು ನೇರ ಗೆರೆಯ ಹಾಗೆ ಏರಿಸುತ್ತಾ ಹೋಗುತ್ತಾರೆ. ನನ್ನ ಅನುಭವದಲ್ಲಿ ಅದು ಸುಸ್ತು ಮಾಡುತ್ತದೆ. ಗಟ್ಟಿ ಬಾಸ್ ಒಬ್ಬನನ್ನು ಗೆದ್ದ ಮೇಲೆ ಸ್ವಲ್ಪ ಹೊತ್ತು ಹಳೆಯ ಶತ್ರುಗಳನ್ನು ಸಲೀಸಾಗಿ ಹೊಡೆಯಲು ಬಿಡಬೇಕು. ಆಗಲೇ ನಾನು ಬೆಳೆದಿದ್ದೇನೆ ಎಂದು ಕೈಗೆ ಗೊತ್ತಾಗುವುದು.

ಡಾರ್ಕ್ ಸೋಲ್ಸ್ ತರದ ಗೇಮ್‌ಗಳಿಗೆ ಈಸಿ ಮೋಡ್ ಇರಬೇಕಾ, ಬೇಡ್ವಾ?

ಎಲ್ಲಕ್ಕಿಂತ ಬಿಸಿ ಪ್ರಶ್ನೆ ಇದೇ. ಡಾರ್ಕ್ ಸೋಲ್ಸ್, ಅದನ್ನು ಮಾಡಿದವರದೇ ಆದ ಸೆಕಿರೋ, ಎಲ್ಡನ್ ರಿಂಗ್, ಇವೆಲ್ಲ ಮೋಡ್ ಆರಿಸಲು ಬಿಡದ ಕಷ್ಟದ ಗೇಮ್‌ಗಳು. 2019ರಲ್ಲಿ ಸೆಕಿರೋ ಬಂದಾಗ ಜಗಳ ತಾರಕಕ್ಕೇರಿತ್ತು.

ಬೇಡ ಎನ್ನುವವರ ಮಾತಿನಲ್ಲಿ ಸತ್ಯ ಇದೆ. ಈ ಗೇಮ್‌ಗಳನ್ನು ಆಡಿದವರೆಲ್ಲ ಹತ್ತಿದ್ದು ಒಂದೇ ಬೆಟ್ಟ. ಆ ಬಾಸ್ ಎಂದ ಕೂಡಲೇ ಇನ್ನೊಬ್ಬರು ತಲೆ ಅಲ್ಲಾಡಿಸುತ್ತಾರೆ, ಒಂದೇ ಯುದ್ಧಕ್ಕೆ ಹೋಗಿ ಬಂದವರ ಹಾಗೆ. ಇನ್ನೊಂದು ವಿಷಯ, ಮೆನುವಿನಲ್ಲಿ ಈಸಿ ಎಂದು ಬರೆದಿಲ್ಲ, ಆದರೆ ಆಟದೊಳಗೆ ಇದೆ. ಡಾರ್ಕ್ ಸೋಲ್ಸ್‌ನಲ್ಲಿ ಬೇರೆ ಆಟಗಾರರನ್ನು ನೆರವಿಗೆ ಕರೆಯಬಹುದು, ದೂರದಿಂದ ಮಂತ್ರ ಎಸೆಯಬಹುದು, ಲೆವೆಲ್ ಏರಿಸಿಕೊಂಡು ಬರಬಹುದು. 2022ರ ಎಲ್ಡನ್ ರಿಂಗ್‌ನಲ್ಲಿ ಜೊತೆಗೆ ಹೋರಾಡಲು ಆತ್ಮಗಳನ್ನೇ ಕರೆಯಬಹುದು, ಒಬ್ಬ ಬಾಸ್ ಸೋಲದಿದ್ದರೆ ಬೇರೆ ದಿಕ್ಕಿಗೆ ಹೊರಟುಬಿಡಬಹುದು. ಸೆಕಿರೋದಲ್ಲಿ ಈ ಬಾಗಿಲುಗಳು ಬಹುತೇಕ ಮುಚ್ಚಿವೆ, ಅದಕ್ಕೇ ಜಗಳ ಅದರ ಮೇಲೆ ಜೋರಾದದ್ದು.

ನಾನು ಇರಬೇಕು ಎನ್ನುವ ಪಕ್ಷ. ನನ್ನ ಗೆಳೆಯನೊಬ್ಬನ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಅವನು ನನ್ನ ಪಕ್ಕ ಕೂತು ನಾನು ಸೆಕಿರೋ ಆಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ಗೆನಿಚಿರೊನ ತೋಳಿನ ಚಲನೆ ನನಗಿಂತ ಮೊದಲು ಕಂಡದ್ದು ಅವನಿಗೇ. ಈಗ ಹಾರು ಎಂದು ಕೂಗುತ್ತಿದ್ದ. ಆಟದ ಪಾಠ ಅವನಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು, ಬೆರಳು ಮಾತ್ರ ಸಮಯಕ್ಕೆ ತಲುಪುತ್ತಿರಲಿಲ್ಲ. ವೇಗ ಇಳಿಸುವ ಒಂದು ಗುಂಡಿ ಇದ್ದಿದ್ದರೆ ಅವನೂ ಆ ಕೋಟೆಯ ತುದಿಯಲ್ಲಿ ಗೆಲ್ಲುತ್ತಿದ್ದ. ನನ್ನ ಗೆಲುವಿನಿಂದ ಅದು ಏನನ್ನೂ ಕಿತ್ತುಕೊಳ್ಳುತ್ತಿರಲಿಲ್ಲ.

ಆನ್‌ಲೈನ್ ಗೇಮ್‌ನಲ್ಲಿ ಎಷ್ಟು ಆಡಿದ್ರೂ ಅರ್ಧಕ್ಕರ್ಧ ಸೋಲೇ. ನಾನು ಬೆಳೀತಿಲ್ವಾ?

ಬೆಳೆಯುತ್ತಿರಬಹುದು. ಅಲ್ಲಿ ಕಷ್ಟವನ್ನು ಹೊಂದಿಸುವುದು ಎದುರಾಳಿಯ ಆಯ್ಕೆ. ಇದರ ಬೇರು ಚೆಸ್‌ನಲ್ಲಿದೆ. ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗೆದ್ದರೆ ಅಂಕ ಏರುತ್ತದೆ, ಇನ್ನೂ ಗಟ್ಟಿ ಎದುರಾಳಿ ಸಿಗುತ್ತಾನೆ. ಆದ್ದರಿಂದ ಎಷ್ಟು ಬೆಳೆದರೂ ಗೆಲುವು ಅರ್ಧದ ಹತ್ತಿರವೇ ನಿಲ್ಲುತ್ತದೆ. ಗೆಲುವು ಎಣಿಸಬೇಡಿ, ಆರು ತಿಂಗಳ ಹಿಂದಿನ ರೇಟಿಂಗ್ ಜೊತೆ ಇವತ್ತಿನದನ್ನು ಹೋಲಿಸಿ.

ಹಾರ್ಡ್ ಮೋಡೂ ಮುಗಿಸಿದೆ. ಇನ್ನೂ ಕಷ್ಟ ಬೇಕು ಅಂದ್ರೆ?

ನಿಯಮ ನೀವೇ ಹಾಕಿಕೊಳ್ಳಿ. ಪೋಕೆಮಾನ್ ಆಡುವವರಲ್ಲಿ ನಝ್‌ಲಾಕ್ ಎಂಬ ಪದ್ಧತಿ ಇದೆ. ಪ್ರತಿ ಜಾಗದಲ್ಲಿ ಮೊದಲು ಎದುರಾದ ಪೋಕೆಮಾನ್ ಮಾತ್ರ ಹಿಡಿಯಬೇಕು, ಕಾಳಗದಲ್ಲಿ ಬಿದ್ದರೆ ಅದು ಸತ್ತಂತೆ, ಮತ್ತೆ ಬಳಸುವ ಹಾಗಿಲ್ಲ. ಮಕ್ಕಳ ಆಟ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಉಸಿರು ಬಿಗಿಹಿಡಿಸುತ್ತದೆ. ಸಾಮಾನ್ಯ ಹಕ್ಕಿಯೊಂದನ್ನು ಕಳೆದುಕೊಂಡು ಬೇಸರ ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ನಿಂಟೆಂಡೋದ ಎನ್‌ಇಎಸ್ ಕನ್ಸೋಲ್‌ಗೆ 1989ರಲ್ಲಿ ಬಂದ ಟೆಟ್ರಿಸ್, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ, ಇನ್ನೊಂದು ಉದಾಹರಣೆ. ಅದರ 29ನೇ ಲೆವೆಲ್‌ನ ವೇಗ ಮನುಷ್ಯರ ಕೈಗೆ ಮೀರಿದ್ದು ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು. ಆಡುವವರು ಕಂಟ್ರೋಲರ್ ಹಿಡಿಯುವ ರೀತಿಯನ್ನೇ ಬದಲಿಸಿದರು, ಹಿಂಬದಿಯಿಂದ ಬೆರಳುಗಳನ್ನು ಉರುಳಿಸಿ ತಟ್ಟಲು ಕಲಿತರು. 2023ರ ಡಿಸೆಂಬರ್‌ನಲ್ಲಿ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್‌ಗೆ ಹೋದ. ಅಲ್ಲಿ ಗೇಮೇ ಸ್ತಬ್ಧವಾಗಿ ನಿಂತುಹೋಯಿತು.

ನಾನೇ ಒಂದು ಚಿಕ್ಕ ಗೇಮ್ ಮಾಡ್ತಿದ್ದೀನಿ. ಕಷ್ಟ ಎಷ್ಟಿರಬೇಕು ಅಂತ ಹೇಗೆ ನೋಡೋದು?

ನಿಮ್ಮ ಗೇಮ್ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವರು ನೀವೇ. ಆದ್ದರಿಂದ ನಿಮಗೆ ಹದವಾಗಿದೆ ಎನಿಸಿದ್ದು ಬೇರೆಯವರಿಗೆ ಅತಿ ಕಷ್ಟ. ಮೊದಲು ಈ ಲೆಕ್ಕ ಮಾಡಿಕೊಂಡು ಒಂದಿಷ್ಟು ಇಳಿಸಿ.

ಆಮೇಲೆ ಗೇಮ್ ನೋಡೇ ಇಲ್ಲದವರನ್ನು ಕೂರಿಸಿ, ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ಅಲ್ಲಿ ಹಾರಬೇಕು ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಆಮೇಲೆ ನೀವು ಎಲ್ಲರ ಮನೆಗೂ ಹೋಗಿ ಹಿಂದೆ ನಿಲ್ಲಲು ಆಗುವುದಿಲ್ಲ ಅಲ್ವಾ? ಪ್ರತಿ ಸಾವಿನ ಜಾಗ ಬರೆದಿಟ್ಟುಕೊಳ್ಳಿ. ಸತ್ತ ಮೇಲೆ ಒಂದೇ ಪ್ರಶ್ನೆ ಕೇಳಿ, ಯಾಕೆ ಸತ್ತಿರಿ? ಉತ್ತರ ತಪ್ಪಾಗಿದ್ದರೆ ತಿದ್ದಬೇಕಾದ್ದು ನಿಮ್ಮ ಗೇಮ್.

ಗೆಳೆಯರೊಬ್ಬರ ಗೇಮ್‌ನಲ್ಲಿ ಒಂಬತ್ತು ಜನ ಒಂದೇ ಮರದ ಸೇತುವೆ ಮೇಲೆ ಸತ್ತರು. ಕಾರಣ ಕೇಳಿದರೆ ಒಂಬತ್ತೂ ಜನ ಗೊತ್ತಿಲ್ಲ ಎಂದರು. ಮುರಿಯುವ ಹಲಗೆಗೂ ಗಟ್ಟಿ ಹಲಗೆಗೂ ಬಣ್ಣ ಒಂದೇ ಆಗಿತ್ತು. ಅವರು ಸೇತುವೆಯನ್ನು ಗಿಡ್ಡ ಮಾಡಲಿಲ್ಲ, ಹಲಗೆಗಳ ಸಂಖ್ಯೆ ಬದಲಿಸಲಿಲ್ಲ. ಮುರಿಯುವ ಹಲಗೆಯ ಮೇಲೆ ಒಂದು ಬಿರುಕು ಬರೆದರು, ಕಾಲಿಟ್ಟರೆ ಒಂದು ಸಣ್ಣ ಕಿರ್ ಶಬ್ದ ಸೇರಿಸಿದರು. ಹತ್ತನೆಯವಳು ಓಡಿ ಬಂದಳು. ಕಿರ್ ಎಂದಾಗ ನಿಂತಳು. ಒಂದು ಹೆಜ್ಜೆ ಹಿಂದೆ ಇಟ್ಟಳು, ಸೇತುವೆ ಪೂರ್ತಿ ಕಣ್ಣು ಹಾಯಿಸಿದಳು, ಹಾರಿದಳು.